ಮೊಟ್ಟೆಯೂ ಕಾಣದ ಮನೆಯಲ್ಲಿ ಚಿಕನ್ ಪಾಯ್

ಮನಗೂಳಿ
೮ ಡಿಸೆಂಬರ್ ೨೦೨೫

ಗೆಳತಿ ವಿದ್ಯಾವತಿಗೆ ಸುನಂದಾಳ ಶರಣು. ಬೀಗತಿ ಎಂದು ಬರೆಯಹೋದರೆ ಪೆನ್ನು ಮುಂದೆ ಸಾಗಲಿಲ್ಲ. ಅದಕ್ಕೆ ಹಳೆಯ ಸಂಬಂಧವನ್ನೇ ಹಿಡಿದಿದ್ದೇನೆ.

ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡ. ಬೈಯುವುದಿದ್ದರೆ ಫೋನಿನಲ್ಲಿ ಬೈ, ಆ ನೆಪದಲ್ಲಾದರೂ ನಿನ್ನ ದನಿ ಕೇಳಿದ ಹಾಗಾಗುತ್ತದೆ. ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನನ್ನ ಮಗ, ನಿನ್ನ ಅಳಿಯ ಸಂಜುವಿನ ನಂಬರಿನಿಂದ ಮಾಡಿದರೂ ಎತ್ತುವುದಿಲ್ಲ. ಕಿರಾಣಿ ಅಂಗಡಿಯವನ ಫೋನಿನಿಂದ ಮಾಡಿದಾಗ ನನ್ನ 'ಹಲೋ' ಕೇಳಿ 'ರಾಂಗ್ ನಂಬರ್' ಎಂದು ಇಟ್ಟುಬಿಟ್ಟೆ. ಮುದ್ದೇಬಿಹಾಳದ ಹಾಸ್ಟೆಲಿನಲ್ಲಿ ಒಂದೇ ಟ್ರಂಕಿನಲ್ಲಿ ಇಬ್ಬರ ಬಟ್ಟೆ ಇಟ್ಟುಕೊಂಡು ಓದಿದವರು ನಾವು. ನನ್ನ ದನಿ ನಿನಗೆ ರಾಂಗ್ ನಂಬರ್ ಆದದ್ದು ಯಾವಾಗ? ಅದಕ್ಕೇ ಈಗ ಅಂಚೆಯ ದಾರಿ ಹಿಡಿದಿದ್ದೇನೆ. ಪೋಸ್ಟ್‌ಮನ್ ಸಿಂದಗಿಯ ನಿನ್ನ ಮನೆ ಬಾಗಿಲಿಗೆ ತಂದು ಕೊಟ್ಟದ್ದನ್ನು ಅವನೆದುರಿಗೇ ಹರಿಯುವಷ್ಟು ಕೆಟ್ಟವಳು ನೀನಲ್ಲ.

ಮೊದಲು ನಿನಗೆ ಬೇಕಾದ ಸುದ್ದಿ ಹೇಳುತ್ತೇನೆ. ನಿನ್ನ ಮಗಳು ಕಸ್ತೂರಿ ಆರಾಮವಾಗಿದ್ದಾಳೆ. ಆರನೇ ತಿಂಗಳು ನಡೆದಿದೆ. ಬಾಗೇವಾಡಿಯ ಡಾಕ್ಟರಮ್ಮ ಎಲ್ಲ ಸರಿಯಾಗಿದೆ ಎಂದಿದ್ದಾರೆ. ಮುಂದಿನ ತಿಂಗಳು ಕುಬಸ ಮಾಡಬೇಕೆಂದಿದ್ದೇವೆ. ಕುಬಸ ಎಂದರೆ ತವರಿನವರು ಹಸಿರು ಸೀರೆ, ಬಳೆ, ಬಗೆಬಗೆಯ ಬುತ್ತಿ ಕಟ್ಟಿಕೊಂಡು ಬರಬೇಕು, ಬಸುರಿಯ ಬಯಕೆಯನ್ನು ಹೆತ್ತವಳ ಕೈಯೇ ತೀರಿಸಬೇಕು. ಇದನ್ನು ನಿನಗೆ ಹೇಳಿಕೊಡಬೇಕಾಗಿಲ್ಲ. ನೀನು ಬರುತ್ತೀಯೋ ಇಲ್ಲವೋ ಎಂಬುದೊಂದೇ ನನ್ನ ಪ್ರಶ್ನೆ.

ಮಕ್ಕಳು ಯಾರಿಗೂ ಹೇಳದೆ ವಿಜಯಪುರಕ್ಕೆ ಹೋಗಿ ರಜಿಸ್ಟರ್ ಮದುವೆ ಆದರು. ತಪ್ಪೇ. ನಿನಗೆ ಫೋಟೋ ಬಂದ ಹೊತ್ತಿಗೇ ನನಗೂ ಬಂದದ್ದು. ನಾನು ಆಗ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಎಷ್ಟು ಸಲ ಹೇಳಿದರೂ ನೀನು ನಂಬುವುದಿಲ್ಲ. 'ನಿನಗ ಎಲ್ಲಾ ಗೊತ್ತಿತ್ತು' ಎನ್ನುತ್ತೀಯ. ಅಂದಿನಿಂದ ನೀನು ಮಗಳಿಗೆ 'ಬಾ' ಅನ್ನಲಿಲ್ಲ, ಅವಳು 'ಬರಲೇ' ಅನ್ನಲಿಲ್ಲ. ಹಟದಲ್ಲಿ ತಾಯಿ ಮಗಳು ಒಂದೇ ಅಚ್ಚಿನಲ್ಲಿ ಬಂದವರು. ಅದಿರಲಿ. ಅವತ್ತು ನೀನು ಅಂದ ಒಂದು ಮಾತು ಮಾತ್ರ ನನಗೆ ಇನ್ನೂ ಚುಚ್ಚುತ್ತದೆ. 'ಕೋಳಿ ಕುರಿ ತಿಂದು ಬೆಳದ ಹುಡುಗಿ ಐತಿ ಅದು. ನಿಮ್ಮ ರೊಟ್ಟಿ ಶೇಂಗಾ ಹಿಂಡಿ ಮನ್ಯಾಗ ಒಣಗಿ ಕಟಗಿ ಆಗ್ತಾಳ, ನೋಡ್ತಿರು' ಅಂದೆ.

ಆ ಮಾತು ನನ್ನ ಕೈಲಿ ಏನೇನು ಮಾಡಿಸಿತು ಎಂಬುದನ್ನು ಕೇಳು.

ಹೋದ ವಾರ ಹಿತ್ತಲಿನಲ್ಲಿ ಇಬ್ಬರೂ ಹಸಿ ಕಡಲೆ ಸುಲಿಯುತ್ತ ಕೂತಿದ್ದೆವು. 'ಕಸ್ತೂರಿ, ಬಾಯಿಗೆ ಏನ್ ಬೇಕನಸ್ತದ, ನಾಚಬ್ಯಾಡ, ಹೇಳು. ಬಯಕಿ ತೀರಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವ' ಎಂದೆ. ಹುಣಸೆಕಾಯಿ ಎಂದಾಳು, ಹೆಚ್ಚೆಂದರೆ ಪೇಡೆ ಎಂದಾಳು ಎಂದುಕೊಂಡಿದ್ದೆ. ಅವಳು ಬಹಳ ಹೊತ್ತು ಫೋನು ತಿಕ್ಕುತ್ತ ಯೋಚಿಸಿ, 'ಚಿಕನ್ ಪಾಯ್ ಬೇಕ್ರಿ ಅತ್ತಿ' ಎಂದಳು.

ನನ್ನ ಮನೆಯಲ್ಲಿ! ಮೊಟ್ಟೆ ಎಂಬ ಶಬ್ದವನ್ನೂ ಮೆಲ್ಲಗೆ ಆಡುವ ಮನೆಯಲ್ಲಿ!

ಫೋನಿನಲ್ಲಿ ತೋರಿಸಿದಳು. ಯಾವಳೋ ಬಿಳಿ ಹೆಂಗಸು ನಗುನಗುತ್ತ ಮಾಡುತ್ತಿದ್ದಳು. ದೊಡ್ಡದೊಂದು ಕಡಬು ಅಂದುಕೋ. ಒಳಗೆ ಹೂರಣದ ಬದಲು ಕೋಳಿ, ಮೇಲೆ ಹಿಟ್ಟಿನ ಮುಚ್ಚಳ, ಎಣ್ಣೆಯಲ್ಲಿ ಕರಿಯುವ ಬದಲು ಭಟ್ಟಿಯಲ್ಲಿ ಬೇಯಿಸುವುದು. ನಾನು ಬಾಯಿ ತೆರೆಯುವ ಮೊದಲೇ ಕಸ್ತೂರಿ, 'ಇಲ್ಲಿ ಆಗೂದಿಲ್ಲ ಬಿಡ್ರಿ. ಓವನ್ ಬೇಕು, ಕ್ರೀಮ್ ಬೇಕು, ಅಣಬಿ ಬೇಕು. ನಿಮಗ್ಯಾಕ ತ್ರಾಸ' ಎಂದಳು.

ನನಗೆ ಮೈಯೆಲ್ಲ ಉರಿಯಿತು. ಅವಳ ಮೇಲಲ್ಲ, ನಿನ್ನ ಮೇಲೆ. 'ಯಾಕ ಆಗೂದಿಲ್ಲ? ಆಗಸ್ತೇನಿ' ಎಂದೆ. ಹುಡುಗಿ ಗಾಬರಿಯಾಗಿ ನನ್ನ ಮುಖ ನೋಡಿತು. ಪಾಪ, ಸಂಕೋಚದ ಸ್ವಭಾವ.

ಆಗಿಸುತ್ತೇನೆ ಎಂದದ್ದೇನೋ ಆಯಿತು, ಕೈಯಲ್ಲಿ ರೊಕ್ಕ ಎಲ್ಲಿದೆ? ಮನೆಯ ಮೇಲೆ ಎರಡು ಕೋಣೆ ಏರಿಸುತ್ತಿದ್ದೇವೆ, ಸಂಜುವಿನ ಪಗಾರ ಬಂದ ದಿನವೇ ಸಿಮೆಂಟಾಗಿ ಹೋಗುತ್ತದೆ. ಕೋಳಿಗೆಂದು ನಮ್ಮವರ ಮುಂದೆ ಕೈ ಚಾಚುವುದಂತೂ ಸಾಧ್ಯವಿಲ್ಲ. ಪೂಜೆ ಮುಗಿಯದೆ ನೀರು ಮುಟ್ಟದ ಮನುಷ್ಯ. ನನ್ನ ಹತ್ತಿರ ಇದ್ದದ್ದು ಮೊಸರು ಮಾರಿದ ಚಿಲ್ಲರೆ ಅಷ್ಟೇ. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಗೋಡೆ ಆಚೆಯ ಬಾನುಬಿಯ ಮನೆಗೆ ನಡೆದೆ. ಬಾನುಬಿ ಮಸೂತಿ ಊರಿನವಳು, ನಾನು ಈ ಓಣಿಗೆ ಸೊಸೆಯಾಗಿ ಬಂದ ವರ್ಷವೇ ಅವಳೂ ಬಂದವಳು. ಅವಳ ಕೋಳಿ ಸಾರಿನ ವಾಸನೆ ಗೋಡೆ ಹಾರಿ ಬರುವಾಗ ಕಿಟಕಿ ಮುಚ್ಚುವುದು ನನ್ನ ಮೂವತ್ತು ವರ್ಷದ ರೂಢಿ.

'ಪಾಯ್ ಅಂದ್ರ ಏನವಾ?' ಎಂದಳು.

'ದೊಡ್ಡ ಕಡಬು. ಒಳಗ ಕೋಳಿ.'

'ಕೋಳಿ ತುಂಬಿ ಕಡಬು? ಯಾ ಅಲ್ಲಾ, ಆ ಕೋಳಿ ಏನ್ ಪಾಪ ಮಾಡಿತ್ತು!'

ಆದರೆ ಬಯಕೆ ಎಂದ ಕೂಡಲೇ ಅವಳೂ ಸೊಂಟಕ್ಕೆ ಸೆರಗು ಸಿಗಿಸಿದಳು. ವಿಡಿಯೋದ ಹೆಂಗಸು ಎಲುಬಿಲ್ಲದ ಕೋಳಿ ತೆಗೆದುಕೊಳ್ಳಿ ಎಂದಿದ್ದಳು. 'ತುಟ್ಟಿ ಐತದು. ಎಲುಬಿಂದ ಅರ್ಧ ಕಿಲೋ ತರೂಣು, ಕುದಿಸಿ ಎಲುಬು ತಗದ್ರ ಆತು. ಕುದಿಸಿದ ನೀರೂ ನಮ್ಮದ' ಎಂದಳು ಬಾನುಬಿ. ಬೆಣ್ಣೆ ಮನೆಯದು. ಕ್ರೀಮಿನ ಬದಲು ಹಾಲಿನ ಕೆನೆ. ಬಟಾಣಿಯ ಬದಲು ನಮ್ಮ ಹೊಲದ ಹಸಿ ಕಡಲೆ. ಅಣಬೆ ಎಂದಲ್ಲಿ ಬದನೆಕಾಯಿ. ಸೂಲಗಿತ್ತಿಯ ಕೆಲಸ ಒಂದು ಬಿಟ್ಟು ಬದನೆಕಾಯಿಯ ಕೈಲಿ ಆಗದ್ದು ಈ ಜಿಲ್ಲೆಯಲ್ಲಿ ಯಾವುದಿದೆ?

ಒಂದೊಂದನ್ನೂ ಹೊಂದಿಸಿದ ಹಾಗೆ ಬಂದು ಕಸ್ತೂರಿಗೆ ಹೇಳುತ್ತಿದ್ದೆ. ಅವಳು ಪ್ರತಿ ಸಲವೂ ಹೊಸದೊಂದು ಅಡ್ಡಿ ತೆಗೆಯುತ್ತಿದ್ದಳು. 'ಸೆಲೆರಿ ಅಂತ ಸೊಪ್ಪು ಹಾಕಬೇಕ್ರಿ' ಎಂದಳು. ಮೆಂತೆ ಇದೆ ಎಂದೆ. 'ಚೀಜ್ ಇಲ್ಲಲ್ರಿ' ಎಂದಳು. ಎಮ್ಮೆ ಇದೆ ಎಂದೆ. 'ಓವನ್?' ಎಂದಳು ಕಡೆಗೆ, ಬಹಳ ಭರವಸೆಯಿಂದ. 'ನಿಯಾಜನ ಬೇಕರಿ ಸತ್ತಿಲ್ಲ' ಎಂದೆ. ಅಲ್ಲಿಗೆ ಅವಳು ಫೋನು ಕೆಳಗಿಟ್ಟಳು. ಇಷ್ಟೆಲ್ಲ ಅಡ್ಡಿ ಹೇಳಿದ್ದು ಅತ್ತೆಯ ಖರ್ಚು ಉಳಿಸಲಿಕ್ಕೆ, ವಿದ್ಯಾ. ಅಂಥ ಮಗಳನ್ನು ಬೆಳೆಸಿದ್ದಕ್ಕೆ ಸಿಟ್ಟಿನಲ್ಲೂ ನಿನ್ನನ್ನು ಹೊಗಳಬೇಕಾಗುತ್ತದೆ.

ನಮ್ಮವರಿಗೆ ನಾನು ಏನೂ ಹೇಳಿರಲಿಲ್ಲ. ಆದರೆ ಬುಧವಾರ ಊಟಕ್ಕೆ ಕೂತವರು ನನ್ನನ್ನು ನೋಡದೆ ಗೋಡೆಗೆ ಹೇಳಿದರು: 'ನಾಳೆ ನಾ ಮುಳವಾಡದ ಹೊಲಕ್ಕ ಹೋಗ್ತೇನಿ. ಸಂಜಿತನಕ ಬರೂದಿಲ್ಲ. ಮನ್ಯಾಗ ಏನ್ ನಡದ್ರೂ ನನಗ ಗೊತ್ತಾಗೂದಿಲ್ಲ.'

'ಏನ್ ನಡೀತದ್ರಿ?' ಎಂದೆ.

'ಅದ ಅಂತೇನಿ. ನನಗ ಗೊತ್ತಿಲ್ಲ' ಎಂದು ಕೈ ತೊಳೆಯಲು ಎದ್ದರು. ಬಸಂತರಾಯರದು ಮಾತು ಕಡಿಮೆ ಎಂದು ನೀನು ನನ್ನ ಮದುವೆಯಲ್ಲಿ ಗೇಲಿ ಮಾಡಿದ್ದೆ. ಆಡುವ ಎರಡು ಮಾತು ಇಂಥವು ಇದ್ದರೆ ಸಾಕು ನನಗೆ.

ಗುರುವಾರ ಬಾನುಬಿಯ ಹಿತ್ತಲಿನಲ್ಲಿ ಒಲೆ ಹೂಡಿದೆವು. ನನ್ನ ಪಾತ್ರೆ ಯಾವುದೂ ಬೇಡವೆಂದು ಹೊಸದೊಂದು ಅಲ್ಯುಮಿನಿಯಂ ಬೋಗುಣಿ ಕೊಂಡೆ. ಕೋಳಿ ಅವಳ ಪಾಲು, ಹಿಟ್ಟು ನನ್ನ ಪಾಲು ಎಂದು ಕರಾರು. ಕೋಳಿ ಕುದಿಯುವಾಗ ನಾನು ಬೆನ್ನು ತಿರುಗಿಸಿ ಕೂತೆ. 'ಅದು ಸತ್ತೈತಿ, ನಿನ್ನ ಕಚ್ಚೂದಿಲ್ಲ' ಎಂದು ಬಾನುಬಿ ನಕ್ಕಳು. ಹಿಟ್ಟನ್ನು ಹೆಚ್ಚು ನಾದಬೇಡಿ, ಪುಡಿಪುಡಿಯಾಗಿರಲಿ ಎಂದು ವಿಡಿಯೋದವಳು ಸಾರಿ ಸಾರಿ ಹೇಳಿದ್ದಳು. ಏನು ಮಾಡಲಿ, ನಾದದ ಹಿಟ್ಟನ್ನು ನೋಡಿದರೆ ತಲೆ ಬಾಚದ ಹುಡುಗಿಯನ್ನು ನೋಡಿದ ಹಾಗಾಗುತ್ತದೆ ನನಗೆ. ಹೋಳಿಗೆಯ ಕಣಕದ ಹಾಗೆ ಎಣ್ಣೆ ಹಚ್ಚಿ, ಎತ್ತಿ ಎತ್ತಿ ಬಡಿದು, ಮೆತ್ತಗೆ ಮಾಡಿ ಇಟ್ಟೆ.

ಫಜೀತಿ ಬಂದದ್ದು ಉಪ್ಪಿನಲ್ಲಿ. ನಾನು ಅದನ್ನು ಬಾಯಿಗೆ ಹಾಕುವಂತಿಲ್ಲ. ಮೊದಲೇ ನಮ್ಮ ಮನೆಯಲ್ಲಿ ದೇವರ ಎಡೆಗೆ ಮುಂಚೆ ಯಾರೂ ರುಚಿ ನೋಡುವುದಿಲ್ಲ, ಎಲ್ಲ ಕಣ್ಣಳತೆ. ಬಾನುಬಿ ಚಮಚ ಎತ್ತಿ ಬಾಯಿಯ ಹತ್ತಿರ ಒಯ್ದವಳು 'ತೋಬಾ, ತೋಬಾ' ಎಂದು ಕೆಳಗಿಟ್ಟಳು. ಅವತ್ತು ಅವಳು ಹರಕೆಯ ರೋಜಾ ಹಿಡಿದಿದ್ದಳು, ಮರೆತೇ ಹೋಗಿತ್ತು. ಕಸ್ತೂರಿಯನ್ನು ಕರೆಯೋಣವೆಂದರೆ ಹಸಿ ಮಸಾಲೆಯ ವಾಸನೆಗೆ ಅವಳಿಗೆ ವಾಂತಿ. ಬಾನುಬಿ ಕುದಿಸುವಾಗ ಉಪ್ಪು ಹಾಕಿದ್ದಳು, ಹಾಕಿದ್ದೆನೋ ಇಲ್ಲವೋ ಎಂದು ಮತ್ತೆ ಹಾಕಿದಳು. ಕೋಳಿಗೆ ತನ್ನದೆಂದು ಉಪ್ಪು ಇರುವುದಿಲ್ಲ ಎಂದು ನಾನೂ ಒಂದು ಹಿಡಿ ಹಾಕಿದೆ. ಮೇಲೆ ಬೆಳ್ಳುಳ್ಳಿ ಖಾರ, ಅರ್ಧ ಲಿಂಬೆಹಣ್ಣು. ಬೋಗುಣಿಗೆ ತುಂಬಿ, ಮುಚ್ಚಳದ ಹಾಳೆ ಹೊದಿಸಿ, ಸುತ್ತಲೂ ಕಡಬಿನ ಹಾಗೆ ಅಂಚು ಮಡಚಿ ಚಂದಾಗಿ ಕುಚ್ಚು ಕಟ್ಟಿದೆ. ಒಂದು ಸೂಜಿ ಹೋಗಲೂ ಸಂದಿ ಬಿಡಲಿಲ್ಲ.

ಹಬ್ಬದ ಮುಂದೆ ಓಣಿಯ ಹೆಂಗಸರು ನಾನಖಟಾಯಿಯ ತಟ್ಟೆ ಹೊತ್ತು ಬೇಕರಿಯ ಭಟ್ಟಿಗೆ ಹೋಗುತ್ತೇವಲ್ಲ, ಹಾಗೆಯೇ ಬಟ್ಟೆ ಮುಚ್ಚಿಕೊಂಡು ಹೊರಟೆವು. ದಾರಿಯಲ್ಲಿ ಎದುರಾದವರೆಲ್ಲ 'ಈಗ ಯಾವ ಹಬ್ಬರಿ ವೈನಿ?' ಎಂದು ಕೇಳುವವರೇ. 'ಎಳ್ಳಮಾಸಿಗೆ ಮುಂಚೆ ಒಂದ್ಸಲ ಮಾಡಿ ನೋಡಾಕತ್ತೇವಿ' ಎಂದೆ. ಎಳ್ಳ ಅಮಾವಾಸ್ಯೆಗೆ ಭಟ್ಟಿಯಲ್ಲಿ ಬೇಯಿಸುವುದು ಏನೂ ಇಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು.

ಬೇಕರಿಯ ನಿಯಾಜ ಬಾನುಬಿಯ ತಂಗಿಯ ಮಗ. ಬಟ್ಟೆ ಎತ್ತಿ ನೋಡಿ, ಮೂಸಿ, ಎರಡು ಹೆಜ್ಜೆ ಹಿಂದೆ ಸರಿದ. 'ಖಾಲಾ, ನನ್ನ ಬೋರ್ಡ ಓದೀರಿ ಏನ? ಶುದ್ಧ ಶಾಕಾಹಾರಿ ಅಂತ ಬರಸೇನಿ. ಊರ ಮಂದಿ ನಂಬಿ ನನ್ನ ಟೋಸ್ಟ ಒಯ್ತಾರ. ಅದರಾಗ ಸುನಂದಾ ಅಕ್ಕಾರ, ನೀವ ಕೋಳಿ ಹೊತ್ತು ಬಂದ್ರ ನಾ ಯಾರಿಗೆ ಹೇಳ್ಲಿ?'

'ಯಾರಿಗೂ ಹೇಳಬ್ಯಾಡ' ಎಂದೆ. 'ಬಸುರಿ ಹುಡುಗಿ ಬಯಕಿ ಐತಿ.'

ಬಯಕೆಗೆ ಅಡ್ಡ ಬರುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಭಟ್ಟಿ ಖಾಲಿಯಾಗಲಿ ಎಂದ. ಬೋಗುಣಿಯ ಅಂಚಿಗೆ ಹತ್ತಿದ್ದ ಮಸಾಲೆಯನ್ನು ಬೆರಳಲ್ಲಿ ತೆಗೆದು ನೆಕ್ಕಿದವನು ಮುಖ ಕಿವುಚಿ, 'ಏನ ಖಾಲಾ, ಉಪ್ಪಿನಕಾಯಿ ಹಾಕಾಕತ್ತೀರೇನ ಇದನ್ನ?' ಎಂದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕಟ್ಟಿದ ಕುಚ್ಚೆಲ್ಲ ಬಿಚ್ಚಿ, ಪಫ್‌ಗೆಂದು ಅವನು ಬೇಯಿಸಿಟ್ಟಿದ್ದ ಬಟಾಟೆಯನ್ನೆಲ್ಲ ಹಿಸುಕಿ ಒಳಗೆ ಸೇರಿಸಿದೆವು. ಅರ್ಧ ಕಿಲೋ ಕೋಳಿ ಅದರಲ್ಲಿ ಎಲ್ಲಿ ಅಡಗಿತೋ ಕಾಣೆ, ಕಡಿಮೆ ಖರ್ಚಿನ ಅಡಿಗೆಗೆ ಅದೇ ಲಕ್ಷಣ ಇದ್ದೀತು. ಮತ್ತೆ ಮುಚ್ಚಳ, ಮತ್ತೆ ಕುಚ್ಚು.

ಒಳಗೆ ಹೋದ ಪಾಯ್ ಮೊದಲು ಕೆಂಪಗಾಯಿತು. ಆಮೇಲೆ ಉಬ್ಬತೊಡಗಿತು. ಹೋಳಿಗೆಯ ಕಣಕ ನೋಡು, ಎಳೆದಷ್ಟೂ ಬರುತ್ತದೆ, ಹರಿಯುವುದಿಲ್ಲ. ಹಬೆ ಹೋಗಲು ನಾನು ದಾರಿ ಬಿಟ್ಟಿರಲಿಲ್ಲ. ಪೂರಿಯ ಹಾಗೆ ಉಬ್ಬಿ ಭಟ್ಟಿಯ ಛಾವಣಿಗೆ ತಾಗುತ್ತದೇನೋ ಅನ್ನುವಷ್ಟರಲ್ಲಿ 'ಢಬ್' ಎಂದಿತು. ಹೊರಗೆ ಟೋಸ್ಟ್ ಕೊಳ್ಳಲು ನಿಂತವರು ಟ್ರಾನ್ಸ್‌ಫಾರ್ಮರ್ ಹೋಯಿತೆಂದು ಕರೆಂಟಿನವರಿಗೆ ಬೈಯುತ್ತ ಮನೆಗೆ ಹೋದರು. ನಿಯಾಜ ಕೈ ಮುಗಿದು, 'ಇನ್ನೊಂದು ಬಯಕಿ ಆದ್ರ ಬಾಗೇವಾಡಿ ಬೇಕರಿಗೆ ಹೋಗ್ರಿ' ಎಂದ.

ಮುಚ್ಚಳ ಓರೆಯಾದ ಪಾಯ್ ತಂದು ಬಾನುಬಿಯ ಪಡಸಾಲೆಯಲ್ಲಿ ಕಸ್ತೂರಿಯ ಮುಂದೆ ಇಟ್ಟೆವು. ಸಂಜು 'ನಾ ಬರೇ ನೋಡ್ತೇನಿ' ಎಂದು ಬಂದು ಬಹಳ ಹೊತ್ತು, ಬಹಳ ಹತ್ತಿರದಿಂದ ನೋಡಿದ. ಕಸ್ತೂರಿ ಒಂದು ತುಂಡು ಬಾಯಿಗಿಟ್ಟಳು. ಅಗಿದಳು, ಅಗಿಯುತ್ತಲೇ ಇದ್ದಳು. ನಾನು ನಾದಿದ ಹಿಟ್ಟು, ಬೇಗ ಸೋಲುವಂಥದ್ದಲ್ಲ.

'ಹೆಂಗೈತಿ?' ಎಂದೆ.

'ಭಾಳ ಚಲೋ ಆಗೇತ್ರಿ ಅತ್ತಿ' ಎಂದಳು. ಎಂದವಳ ಕಣ್ಣಿಂದ ಬಳಬಳ ನೀರು. ಖಾರ ಹೆಚ್ಚಾಯಿತೆಂದು ಬಾನುಬಿ ಬೆಲ್ಲ ತಂದಳು, ನಾನು ಮಜ್ಜಿಗೆ ತಂದೆ. ಆದರೂ ತುಂಡು ಪೂರ್ತಿ ತಿಂದಳು, ಇನ್ನೊಂದನ್ನೂ ತಿಂದಳು. ನನ್ನ ಎದೆ ಆ ಪಾಯಿಗಿಂತ ಹೆಚ್ಚು ಉಬ್ಬಿತು.

ಮರುದಿನ ಮುಂಜಾನೆ ನಮ್ಮವರು ಎಂದಿನಂತೆ ನಿಯಾಜನ ಟೋಸ್ಟನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟು, ಕಣ್ಣು ಮುಚ್ಚಿದರು. ನಮ್ಮ ಪಾಯ್ ಬೆಂದ ಬಿಸಿಯಲ್ಲೇ ಅವನು ಟೋಸ್ಟ್ ಇಟ್ಟಿದ್ದನೆಂದು ಕಾಣುತ್ತದೆ. 'ಸುನಂದಾ, ಇವತ್ತಿನ ಟೋಸ್ಟಿನ್ಯಾಗ ಬೆಳ್ಳುಳ್ಳಿ ವಾಸನಿ ಐತೇನ?' ಎಂದರು. 'ನನಗ ಗೊತ್ತಿಲ್ರಿ' ಎಂದೆ. 'ನನಗೂ ಗೊತ್ತಿಲ್ಲ' ಎಂದು ಇನ್ನೊಂದು ತೆಗೆದುಕೊಂಡರು.

ಹೀಗಿದೆ ನೋಡು ಸಂಗತಿ. ನಿನ್ನ ಮಗಳು ಒಣಗಿಲ್ಲ, ಕಟ್ಟಿಗೆಯಾಗಿಲ್ಲ. ಬಯಕೆ ತೀರಿಸಬೇಕಾದ ತಾಯಿ ಸಿಂದಗಿಯಲ್ಲಿ ಸಿಟ್ಟು ಹಿಡಿದು ಕೂತಿದ್ದರೂ ಶೇಂಗಾ ಹಿಂಡಿಯ ಮನೆಯ ಅತ್ತೆ ಅವಳಿಗೆ ಕೋಳಿಯ ಕಡಬು ಉಣ್ಣಿಸಿದ್ದಾಳೆ. ನೀನು ಕುಬಸಕ್ಕೆ ಬಂದರೆ ಸಂತೋಷ. ಬರದಿದ್ದರೂ ಇಲ್ಲಿ ಅವಳಿಗೆ ಏನೂ ಕಡಿಮೆಯಾಗಿಲ್ಲ ಎಂಬುದು ನಿನ್ನ ತಲೆಯಲ್ಲಿರಲಿ. ನನಗೆ ನಿನ್ನ ಮೇಲೆ ಸಿಟ್ಟಿದೆ. ನಿನ್ನ ನೆನಪು ಅದಕ್ಕಿಂತ ಹೆಚ್ಚು ಬರುತ್ತದೆ, ಅದು ಬೇರೆ ಮಾತು.

ನಿಮ್ಮ ಮನೆಯವರಿಗೆ ನನ್ನ ಶರಣು ಹೇಳು. ನಿನ್ನ ಮಗ ಅನೀಲಕುಮಾರನಿಗೆ ಈ ವರ್ಷವಾದರೂ ಒಳ್ಳೆಯ ಕಡೆ ಹೆಣ್ಣು ಕೂಡಿ ಬರಲಿ, ನಿನ್ನ ಮೊಣಕಾಲು ನೋವು ಇಳಿಯಲಿ, ನಿನ್ನ ಮನೆ ತುಂಬಿರಲಿ.

ನಿನ್ನ
ಸುನಂದಾ

ತಾ.ಕ.: ಇಷ್ಟು ಬರೆದು, ಕವರು ಅಂಟಿಸಲು ಅನ್ನದ ಅಗುಳು ತರಲು ಒಳಗೆ ಹೋದೆ. ಕಸ್ತೂರಿ ಅಕ್ಕಿ ಆರಿಸುತ್ತಿದ್ದಳು. 'ಯಾರಿಗೆ ಬರದ್ರಿ ಅತ್ತಿ?' ಎಂದಳು. 'ನಿಮ್ಮವ್ವಗ. ಪಾಯ್ ಮಾಡಿ ತಿನಿಸಿದ್ದೆಲ್ಲಾ ಬರದೇನಿ. ಗೊತ್ತಾಗಲಿ ಆಕಿಗೆ' ಎಂದೆ. ಅವಳ ಕೈ ಮೊರದಲ್ಲಿ ಹಾಗೇ ನಿಂತಿತು. 'ಅದನ್ನ ಬರೀಬಾರದಿತ್ರಿ' ಎಂದಳು.

ಯಾಕೆ ಎಂದರೆ ಹೇಳಲೊಲ್ಲಳು. ಗದರಿದೆ, ರಮಿಸಿದೆ, ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಆಗ ಬಾಯಿ ಬಿಟ್ಟಳು: 'ನನಗ ಪಾಯ್ ಬೇಕಾಗಿರಲಿಲ್ರಿ ಅತ್ತಿ. ನಾ ಜನ್ಮದಾಗ ಅದನ್ನ ತಿಂದಿಲ್ಲ. ನಿಮ್ಮ ಕೈಲೆ ಆಗದಂಥಾದ್ದು ಏನರೆ ಕೇಳಬೇಕಂತ ಫೋನಿನ್ಯಾಗ ಹುಡಕಿ ಕೇಳಿದ್ದೆ. ಆಗೂದಿಲ್ಲ ಅಂದ್ರ ನಮ್ಮವ್ವಗ ಹೇಳಿ ಕಳಸ್ತೀರಿ, ಬಯಕಿ ಅಂದಮ್ಯಾಲ ಆಕಿ ಬರದ ಇರೂದಿಲ್ಲ ಅಂತ ತಿಳಕೊಂಡಿದ್ದೆ. ನೀವು ಎಲ್ಲಾ ಮಾಡೇ ಬಿಟ್ರಿ.'

ವಿದ್ಯಾ, ಅವತ್ತಿನ ಕಣ್ಣೀರು ಖಾರದ್ದಲ್ಲ. ನಾನು ಬೀಗುತ್ತ ನಿಂತಿದ್ದಾಗ ಆ ಹುಡುಗಿ ನೀನು ಬರುವ ದಾರಿಯನ್ನು ತುಂಡು ತುಂಡಾಗಿ ಅಗಿದು ನುಂಗುತ್ತಿತ್ತು.

ಈ ಪತ್ರವನ್ನು ಹರಿದು ಬೇರೆ ಬರೆಯೋಣವೆಂದುಕೊಂಡೆ. ಬರೆದರೆ ಮತ್ತೆ ನನ್ನದೇ ಪ್ರತಾಪ ಬರೆದೇನು. ಅದಕ್ಕೆ ಇದ್ದಂತೆಯೇ ಕಳಿಸುತ್ತಿದ್ದೇನೆ. ಮೇಲಿನದನ್ನು ಓದಿ ನಗು. ಇಲ್ಲಿ ಅವಳಿಗೆ ಏನೂ ಕಡಿಮೆಯಾಗಿಲ್ಲ ಎಂದು ಬರೆದೆನಲ್ಲ, ಆ ಒಂದು ಸಾಲು ಸುಳ್ಳು, ಅದನ್ನು ಹೊಡೆದು ಹಾಕು. ನಿನ್ನ ಮಗಳ ಬಯಕೆ ತೀರಿಲ್ಲ. ಅವಳು ಕೇಳಿದ್ದು ನನ್ನ ಕೈಲಿ ಆಗುವುದಿಲ್ಲ. ಏನೂ ಕಟ್ಟಿಕೊಂಡು ಬರಬೇಡ, ಕುಬಸದವರೆಗೆ ಕಾಯಲೂ ಬೇಡ. ಇದು ಮುಟ್ಟಿದ ದಿನವೇ ಬಸ್ಸು ಹತ್ತು.